ಅಟ್ಟದ ಪೆಟ್ಟಿಗೆಯೂ ಅಪರಿಗ್ರಹವೂ

ಅಟ್ಟದ ಪೆಟ್ಟಿಗೆಯನ್ನು ಮುಟ್ಟದಿರುವುದೇ ಹಿರಿಯರಿಗೆ ಸಲ್ಲಿಸುವ ಗೌರವವೆಂದು ನಂಜನಗೂಡು, ತಿ. ನರಸೀಪುರಗಳ ಎಷ್ಟೋ ಶ್ರಾವಕರು ಬಗೆದಿದ್ದಾರೆ. ಯೌವನದಲ್ಲಿ ಕೂಡಿಸಿದ ಅಂಚೆಚೀಟಿ, ತೂತುಕಾಸುಗಳ ನಡುವೆ ಅಜ್ಜನ ಓಲೆಗರಿಯ ಕಟ್ಟೂ ಮಲಗಿರುತ್ತದೆ. ಇದು ಸಂರಕ್ಷಣೆಯಲ್ಲ, ಮೂರ್ಛೆ. ಉಮಾಸ್ವಾತಿಗಳು ಪರಿಗ್ರಹವೆಂದದ್ದು ಈ ಮೂರ್ಛೆಯನ್ನೇ. ಹಾಗೆಂದು ಎಲ್ಲವನ್ನೂ ಗುಜರಿಗೆ ತೂಗಿಕೊಡುವುದು ತ್ಯಾಗವಲ್ಲ. (ಆ ತಕ್ಕಡಿಗೆ ಓಲೆಯೂ ಒಂದೇ, ಹಳೆಯ ಪತ್ರಿಕೆಯೂ ಒಂದೇ.)

ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಯಿಸಿದ್ದು ಬೀಗ ಹಾಕಿಡಲಿಕ್ಕೋ? 2019ರ ಆಗಸ್ಟಿನಲ್ಲಿ ಕಪಿಲೆ ನಂಜನಗೂಡಿನ ಬೀದಿಗಳಿಗೆ ನುಗ್ಗಿದಳು. ತೇವಕ್ಕೆ ಅಟ್ಟವೇನೂ ದೂರವಲ್ಲ. ಜ್ಯೇಷ್ಠ ಶುದ್ಧ ಪಂಚಮಿ, ಅಂದರೆ ಶ್ರುತಪಂಚಮಿಯಂದು ಶಾಸ್ತ್ರಗಳನ್ನು ಬಿಚ್ಚಿ, ಧೂಳು ಕೊಡವಿ, ಹೊಸ ವಸ್ತ್ರ ಸುತ್ತುವುದು ಜೈನರ ಸಂಪ್ರದಾಯವೇ. ಆ ದಿನ ಬಸದಿಯ ಧರ್ಮದರ್ಶಿಗಳು ಮನೆಮನೆಯ ಕಟ್ಟುಗಳನ್ನು ತರಿಸಿ, ಬಲ್ಲವರಿಂದ ಓದಿಸಿ, ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ ತೋರಿಸಲಿ. ಅಂಚೆಚೀಟಿಗಳು ಮೊಮ್ಮಕ್ಕಳ ಕೈಸೇರಲಿ, ಹರಿದರೂ ಚಿಂತೆಯಿಲ್ಲ.