ಮಾಡದ್ದನ್ನು ಉಣ್ಣುವವರು

ಕಳೆದ ತಿಂಗಳು ನಮ್ಮ ಸಭೆಯ ಒಂದು ಮನೆಯಲ್ಲಿ ಎರಡು ಮಕ್ಕಳ ತಾಯಿಯೊಬ್ಬಳು ಕ್ಯಾನ್ಸರಿನಿಂದ ತೀರಿಕೊಂಡಳು. ಮಣ್ಣುಮಾಡಿ ಹಿಂದಿರುಗುವಾಗ ಹಿರಿಯರೊಬ್ಬರು ನನ್ನ ಕಿವಿಯ ಬಳಿ ಬಂದು, "ಹಿಂದಿನವರ ಪಾಪ ಏನೋ ಇರಬೇಕು ಮಾಸ್ಟ್ರೇ" ಎಂದರು. ಅವರನ್ನು ಖಂಡಿಸಬೇಕೆಂದು ಬಾಯಿಯವರೆಗೆ ಬಂದ ಮಾತು ಅಲ್ಲೇ ನಿಂತಿತು. ಖಂಡಿಸುವ ಅಧಿಕಾರ ನನಗೆಲ್ಲಿದೆ? ಇದೇ ತಪ್ಪನ್ನು ನಾನು ತರಗತಿಯ ನಡುವೆ ನಿಂತು ಮಾಡಿದವನು. ಈ ಪುಟವನ್ನು ಓದುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗಾದರೂ ಅದು ನೆನಪಿರಬಹುದು.

1991ರ ಆಗಸ್ಟ್ ತಿಂಗಳು. ಕುಂದಾಪುರದ ಕಡೆಯ ಒಂದು ಕಡಲತೀರದ ಪ್ರೌಢಶಾಲೆಯಲ್ಲಿ ನಾನು ಗಣಿತದ ಅಧ್ಯಾಪಕನಾಗಿದ್ದೆ. ಕಿರುಪರೀಕ್ಷೆಯಲ್ಲಿ 9ನೇ ತರಗತಿಯ ನಾಲ್ವರು ಹುಡುಗರು ನಕಲು ಮಾಡಿ ಸಿಕ್ಕಿಬಿದ್ದಿದ್ದರು. ನನಗೆ ಸಿಟ್ಟು ಬಂದಿತ್ತು. ಪಾಠ ಆರಂಭಿಸುವ ಮೊದಲು ಬೋರ್ಡಿನ ಮೇಲೆ ದಪ್ಪ ಅಕ್ಷರಗಳಲ್ಲಿ "ಮಾಡಿದ್ದುಣ್ಣೋ ಮಹಾರಾಯ" ಎಂದು ಬರೆದು, ಲೋಕದಲ್ಲಿ ಯಾರಿಗೂ ಕಾರಣವಿಲ್ಲದೆ ಕಷ್ಟ ಬರುವುದಿಲ್ಲ ಎಂದು ದೊಡ್ಡ ಸ್ವರದಲ್ಲಿ ಉಪದೇಶ ಮಾಡಿದೆ. ಕೊನೆಯ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ. ನಕಲು ಮಾಡಿದವರಲ್ಲಿ ಅವನಿರಲಿಲ್ಲ. ಎರಡು ವಾರಗಳ ಹಿಂದೆ ಅಳಿವೆಯಲ್ಲಿ ನಾಡದೋಣಿ ಮಗುಚಿ ಅವನ ಅಣ್ಣ ತೀರಿಕೊಂಡಿದ್ದ. ಅಂದಷ್ಟೇ ಅವನು ಶಾಲೆಗೆ ಮರಳಿದ್ದ. ತಂದೆ ಕುಡಿದು ಹಾಳಾಗಿ, ಆ ಅಣ್ಣನೇ 19ನೇ ವಯಸ್ಸಿನಲ್ಲಿ ಮನೆಗೆ ಆಧಾರವಾಗಿದ್ದ. ಅದೇ ದೋಣಿಯಲ್ಲಿ ತಂದೆಯೂ ಇದ್ದರು, ಈಜಿ ದಡ ಸೇರಿದರು.

"ನಮ್ಮಣ್ಣ ಎಂತ ಮಾಡಿದ್ದ ಸರ್?" ಎಂದು ಕೇಳಿದ.

ಅದು ಉದ್ಧಟತನವಾಗಿರಲಿಲ್ಲ. ನನಗೆ ಉತ್ತರ ಗೊತ್ತಿರಬಹುದೆಂದೇ ಕೇಳಿದ್ದ. ನಾನು "ಕುಳಿತುಕೋ" ಎಂದೆ.

ಗಣಿತದ ಅಧ್ಯಾಪಕನಾಗಿ ನಾನು ವರ್ಷಂಪ್ರತಿ ಕಲಿಸುತ್ತಿದ್ದ ಒಂದು ಸಂಗತಿಯಿದೆ. ಒಂದು ಹೇಳಿಕೆ ನಿಜವೆಂದ ಮಾತ್ರಕ್ಕೆ ಅದರ ವಿಲೋಮ ತಾನಾಗಿ ನಿಜವಾಗದು. ಮಳೆ ಬಂದರೆ ಅಂಗಳ ಒದ್ದೆಯಾಗುತ್ತದೆ; ಆದರೆ ಅಂಗಳ ಒದ್ದೆಯಾಗಿದೆಯೆಂದರೆ ಮಳೆಯೇ ಬಂದಿರಬೇಕೆಂದಿಲ್ಲ, ಯಾರೋ ಕೊಡ ಚೆಲ್ಲಿರಬಹುದು. ಪಾಪವು ಸಂಕಟವನ್ನು ತರುತ್ತದೆ ಎಂಬುದು ಸತ್ಯ. ಕುಡುಕನ ಯಕೃತ್ತು ಕೆಡುತ್ತದೆ, ಸುಳ್ಳುಗಾರನ ಮಾತನ್ನು ಮನೆಯವರೂ ನಂಬುವುದಿಲ್ಲ. ಬಿತ್ತನೆ ಮತ್ತು ಕೊಯ್ಲಿನ ಬಗ್ಗೆ ಪೌಲನು ಗಲಾತ್ಯದವರಿಗೆ ಬರೆದದ್ದು ಬಿತ್ತುವವನಿಗೆ ಕೊಟ್ಟ ಎಚ್ಚರಿಕೆ. ಸಂಕಟದಲ್ಲಿರುವವನನ್ನು ಕಂಡು ಹಿಂದಕ್ಕೆ ಎಣಿಸಿ ಅವನ ಪಾಪವನ್ನು ಕಂಡುಹಿಡಿಯುವ ಸೂತ್ರ ಅದಲ್ಲ. ಪೈಥಾಗೊರಸನ ಪ್ರಮೇಯದಲ್ಲಿ ವಿಲೋಮಕ್ಕೆ ಬೇರೆ ಸಾಧನೆ ಬೇಕೆಂದು ಹಟಹಿಡಿಯುತ್ತಿದ್ದ ನಾನು, ಒಬ್ಬ ಹುಡುಗನ ದುಃಖದ ವಿಷಯದಲ್ಲಿ ಆ ಎಚ್ಚರ ತೋರಲಿಲ್ಲ.

ಯೇಸುಸ್ವಾಮಿಯ ಮುಂದೆಯೂ ಜನ ಇದೇ ಲೆಕ್ಕವನ್ನು ತಂದಿಟ್ಟರು. ಲೂಕನ ಸುವಾರ್ತೆಯ 13ನೇ ಅಧ್ಯಾಯವನ್ನು ನೋಡಿ. ಬಲಿಯರ್ಪಿಸುತ್ತಿದ್ದ ಗಲಿಲಾಯದವರನ್ನು ಪಿಲಾತನು ಕೊಲ್ಲಿಸಿದ ಸುದ್ದಿ ಬಂತು. ಅದರ ಜೊತೆಗೆ ಸ್ವಾಮಿಯೇ ಇನ್ನೊಂದನ್ನು ನೆನಪಿಸಿದರು: ಸಿಲೊವಾಮಿನಲ್ಲಿ ಬುರುಜು ಕುಸಿದು ಸತ್ತ 18 ಮಂದಿ. ಒಂದು ಮನುಷ್ಯನ ಕ್ರೌರ್ಯ, ಇನ್ನೊಂದು ಬರಿಯ ಅಪಘಾತ. ಸತ್ತವರು ಉಳಿದವರಿಗಿಂತ ಹೆಚ್ಚು ಪಾಪಿಗಳೇ ಎಂಬ ಪ್ರಶ್ನೆಗೆ ಅವರು ಎರಡು ಸಲವೂ ಅಲ್ಲವೆಂದರು. ಕೇಳುತ್ತಿದ್ದವರಿಗೆ ಮಾತ್ರ, ಮೊದಲು ನೀವು ತಿರುಗಿಕೊಳ್ಳಿ ಎಂದರು. ಹುಟ್ಟುಕುರುಡನನ್ನು ಕಂಡು ಪಾಪ ಇವನದೋ ತಂದೆತಾಯಿಗಳದೋ ಎಂದು ಶಿಷ್ಯರು ಕೇಳಿದಾಗಲೂ ಎರಡನ್ನೂ ತಳ್ಳಿಹಾಕಿದರು. ಬಿಸಿಲು ಮಳೆಗಳು ಒಳ್ಳೆಯವರಿಗೂ ಕೆಟ್ಟವರಿಗೂ ಒಂದೇ ಎಂದು ಕಲಿಸಿದವರೂ ಅವರೇ. ನಮ್ಮ ಅಳಿವೆಯ ನೀರೂ ಹಾಗೆಯೇ; ದೋಣಿಯಲ್ಲಿರುವವರ ನಡತೆಯನ್ನು ವಿಚಾರಿಸುವುದಿಲ್ಲ.

ಈ ಲೆಕ್ಕದಲ್ಲಿ ದೊಡ್ಡವರೂ ಎಡವಿದ್ದಾರೆ. 1934ರ ಜನವರಿ 15ರಂದು ಬಿಹಾರದಲ್ಲಿ ಭೂಕಂಪವಾದಾಗ, ಅದು ಅಸ್ಪೃಶ್ಯತೆಯೆಂಬ ಪಾಪಕ್ಕೆ ದೇವರ ಶಿಕ್ಷೆ ಎಂದು ಗಾಂಧೀಜಿ ಹೇಳಿದರು. (ಆ ಹರಿಜನ ಪ್ರವಾಸದಲ್ಲೇ, ಫೆಬ್ರವರಿಯಲ್ಲಿ, ಅವರು ನಮ್ಮ ಕುಂದಾಪುರಕ್ಕೂ ಬಂದಿದ್ದರು.) ಅಸ್ಪೃಶ್ಯತೆಯನ್ನು ಅವರಷ್ಟೇ ವಿರೋಧಿಸುತ್ತಿದ್ದ ರವೀಂದ್ರನಾಥ ಠಾಕೂರರು, ಪ್ರಕೃತಿಯ ಉತ್ಪಾತಕ್ಕೂ ಮನುಷ್ಯರ ನೀತಿಗೂ ಹೀಗೆ ಗಂಟುಹಾಕಬಾರದೆಂದು ಪ್ರತಿಭಟಿಸಿದರು. ಗಾಂಧೀಜಿ ಆ ಆಕ್ಷೇಪವನ್ನು ತಮ್ಮ 'ಹರಿಜನ' ಪತ್ರಿಕೆಯಲ್ಲೇ ಪ್ರಕಟಿಸಿದರು. ಅದು ಅವರ ದೊಡ್ಡತನ. ಆದರೆ ನನ್ನ ಮತ ಠಾಕೂರರ ಕಡೆಗೆ. ಸತ್ತವರಲ್ಲಿ ಅಸ್ಪೃಶ್ಯತೆಯನ್ನು ಆಚರಿಸಿದವರೂ ಇದ್ದರು, ಅದರಿಂದ ನೊಂದವರೂ ಇದ್ದರು.

2004ರ ಡಿಸೆಂಬರ್ 26ರ ಸುನಾಮಿಯಲ್ಲಿ ವೇಳಾಂಕಣಿಯ ಬಸಿಲಿಕ ಉಳಿಯಿತು, ಅದು ಪವಾಡವೆಂದು ನಮ್ಮವರು ಕೊಂಡಾಡಿದರು. ಅದೇ ಮಾತೆಯ ದರ್ಶನಕ್ಕೆಂದು ಬಂದು ಹೊರಗೆ ಮರಳಿನ ಮೇಲಿದ್ದ ನೂರಾರು ಯಾತ್ರಿಕರು ಕೊಚ್ಚಿಹೋದರಲ್ಲ, ಅವರ ಮನೆಯವರ ಕಿವಿಗೆ ಆ ಕೊಂಡಾಟ ಹೇಗೆ ಕೇಳಿಸಿರಬಹುದು?

ಹಾಗಾದರೆ ಕ್ರೈಸ್ತರಾದ ನಮ್ಮಲ್ಲಿ ಉತ್ತರವೇನಿದೆ ಎಂದು ನೀವು ಕೇಳಬಹುದು. 'ಏಕೆ' ಎಂಬುದಕ್ಕೆ ಪೂರ್ಣ ಉತ್ತರ ನನ್ನಲ್ಲಿಲ್ಲ. ಯೋಬನಿಗೂ ಅದು ಸಿಗಲಿಲ್ಲ. ಅವನ ಮೂವರು ಸ್ನೇಹಿತರು ಏಳು ದಿನ ಏಳು ರಾತ್ರಿ ಅವನೊಡನೆ ನೆಲದ ಮೇಲೆ ಮೌನವಾಗಿ ಕುಳಿತರು. ಅಷ್ಟಕ್ಕೇ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು! ಆಮೇಲೆ ಬಾಯಿಬಿಟ್ಟು ದೇವರ ಪರವಾಗಿ ವಕಾಲತ್ತು ನಡೆಸಿದರು. ಕೊನೆಯಲ್ಲಿ ದೇವರು ಕೋಪಗೊಂಡದ್ದು ಆ ವಕೀಲರ ಮೇಲೆ. ದೇವರೊಂದಿಗೇ ಜಗಳವಾಡಿದ ಯೋಬನ ಮಾತು ಸರಿಯೆನಿಸಿಕೊಂಡಿತು.

ನನ್ನ ವಿಶ್ವಾಸ ನಿಂತಿರುವುದು ಕಲ್ವಾರಿ ಗುಡ್ಡದ ಮೇಲೆ. ಅಲ್ಲಿ ಒಂದೇ ದಿನ, ಒಂದೇ ಶಿಕ್ಷೆಗೆ ಮೂವರು ಗುರಿಯಾದರು. ಇಬ್ಬರು ಅಪರಾಧಿಗಳು, ನಡುವಿನವರು ನಿರಪರಾಧಿ. ದಾರಿಹೋಕರು ಸಂಕಟವನ್ನು ನೋಡಿ ಪಾಪವನ್ನು ಎಣಿಸಿದರು, ಮೂರು ಎಂದು ಲೆಕ್ಕ ಹಾಕಿ ಅಪಹಾಸ್ಯ ಮಾಡಿದರು. ಅಲ್ಲಿ ಸರಿಯಾಗಿ ಎಣಿಸಿದವನು ಪಕ್ಕದಲ್ಲೇ ತೂಗುತ್ತಿದ್ದ ಕಳ್ಳನೊಬ್ಬ. ತನಗೆ ತಕ್ಕದ್ದು ಸಿಕ್ಕಿತು, ಈತನು ತಪ್ಪು ಮಾಡಿದವನಲ್ಲ ಎಂದ. ದೇವರು ಸ್ವತಃ ನಿರಪರಾಧಿಗಳ ಸಾಲಿಗೆ ಬಂದು ನಿಂತರು, ಅಲ್ಲಿಂದಲೇ ಏಕೆಂದು ಕೂಗಿ ಕೇಳಿದರು, ಆ ಮಧ್ಯಾಹ್ನ ಅವರಿಗೂ ಉತ್ತರ ಬರಲಿಲ್ಲ ಎಂಬುದನ್ನು ನೆನೆದಾಗ ನನಗೆ ಆ ಹುಡುಗನ ಪ್ರಶ್ನೆ ದೇವದೂಷಣೆಯಾಗಿ ಕೇಳಿಸುವುದಿಲ್ಲ.

"ನಿಮ್ಮಣ್ಣ ಏನೂ ಮಾಡಿರಲಿಲ್ಲ ಮಗಾ" ಎಂದು ಅಂದೇ ಹೇಳಬೇಕಿತ್ತು. ಹೇಳಿ ಬೋರ್ಡನ್ನು ಒರೆಸಬೇಕಿತ್ತು. ಗಂಟೆ ಬಾರಿಸುವವರೆಗೂ ಆ ಅಕ್ಷರಗಳು ಅಲ್ಲೇ ಇದ್ದವು. ಮಾರನೆಯ ವರ್ಷ ಅವನು ಶಾಲೆ ಬಿಟ್ಟು ಮುಂಬಯಿಗೆ ಹೋಟೆಲ್ ಕೆಲಸಕ್ಕೆ ಹೋದನೆಂದು ಕೇಳಿದೆ. ಆ ತರಗತಿಯವರು ಯಾರಾದರೂ ಇದನ್ನು ಓದುತ್ತಿದ್ದು, ಅವನು ಈಗ ಎಲ್ಲಿದ್ದಾನೆಂದು ತಿಳಿದಿದ್ದರೆ ದಯವಿಟ್ಟು ನನಗೆ ಒಂದು ಮಾತು ತಿಳಿಸಿರಿ.