ಬಾಡಿಗೆದಾರರನ್ನು ಮರೆತ ತೆರಿಗೆ ರಿಯಾಯಿತಿ

ಬೆಂಗಳೂರಿಗೆ ಹೊರಡುವ ಬೆಳಗಿನ ರೈಲು ಮಾರಿಕುಪ್ಪಂ ಬಿಟ್ಟು ಚಾಂಪಿಯನ್, ಉರಿಗಾಂ, ಕೋರಮಂಡಲ್, ಬೆಮೆಲ್ ನಗರ ದಾಟಿ ಬಂಗಾರಪೇಟೆ ಸೇರುವಷ್ಟರಲ್ಲಿ ಕಾಲಿಡಲು ಜಾಗವಿರುವುದಿಲ್ಲ. 2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದ ಮೇಲೆ ಕೋಲಾರ ಚಿನ್ನದ ಗಣಿಗಳ ಊರಾದ ಕೆಜಿಎಫ್‌ನ ದುಡಿಮೆ ಬೆಂಗಳೂರಿಗೆ ಹೋಯಿತು, ಸಂಸಾರ ಇಲ್ಲೇ ಉಳಿಯಿತು. ಈಗ ಮಾಲೂರು, ನರಸಾಪುರ, ವೇಮಗಲ್‌ಗಳ ಕಾರ್ಖಾನೆಗಳೂ ಕೆಲಸಕ್ಕೆ ಕರೆಯುತ್ತಿವೆ. ಬಂಗಾರಪೇಟೆಯ ಸುತ್ತಲ ಹೊಲಗಳಲ್ಲಿ ಲೇಔಟ್‌ಗಳು ಏಳುತ್ತಿವೆ. ಆದರೆ ಅಲ್ಲಿ ಸೈಟು ಕೊಳ್ಳುವವರು ಬೇರೆ, ಆ ರೈಲಿನಲ್ಲಿ ನಿಂತು ಹೋಗುವವರು ಬೇರೆ.

ಕೈಗೆಟುಕುವ ಮನೆ ಕಟ್ಟುವವರಿಗೆ ಕೇಂದ್ರ ಸರ್ಕಾರ 2016ರಲ್ಲೇ ತೆರಿಗೆ ರಿಯಾಯಿತಿ ಕೊಟ್ಟಿತು. ಆದಾಯ ತೆರಿಗೆ ಕಾಯ್ದೆಯ 80-ಐಬಿಎ ಕಲಮಿನಡಿ ಇಂಥ ಯೋಜನೆಯ ಲಾಭಕ್ಕೆ ಪೂರ್ಣ ವಿನಾಯಿತಿ ಇತ್ತು. 2019ರಲ್ಲಿ ಮನೆಯ ಬೆಲೆಗೆ 45 ಲಕ್ಷ ರೂಪಾಯಿ ಮಿತಿ ಬಂತು. ಮೊದಲ ಮನೆ ಕೊಳ್ಳುವವರಿಗೂ ಸಾಲದ ಬಡ್ಡಿಯ ಮೇಲೆ ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ಹೆಚ್ಚುವರಿ ಕಡಿತ ಸಿಕ್ಕಿತು. ಎರಡರ ಗಡುವೂ 2022ರ ಮಾರ್ಚ್‌ಗೆ ಮುಗಿಯಿತು. ಈ ರಿಯಾಯಿತಿಗಳನ್ನು ಮತ್ತೆ ತರುವ ಮೊದಲು ಅವುಗಳ ಫಲ ಯಾರಿಗೆ ದಕ್ಕಿತು ಎಂದು ಕೇಳಬೇಕು.

ಲೆಕ್ಕ ಸರಳ. ಸರ್ಕಾರದ ಪ್ರಕಾರ ವರ್ಷಕ್ಕೆ 3 ಲಕ್ಷದವರೆಗಿನ ಆದಾಯದ ಕುಟುಂಬ ಆರ್ಥಿಕವಾಗಿ ದುರ್ಬಲ. ಅಂದರೆ ತಿಂಗಳಿಗೆ ಹೆಚ್ಚೆಂದರೆ 25 ಸಾವಿರ. 45 ಲಕ್ಷದ ಮನೆಗೆ 36 ಲಕ್ಷ ಸಾಲ ಮಾಡಿದರೆ, ಶೇ 9ರ ಬಡ್ಡಿಯಲ್ಲಿ 20 ವರ್ಷಗಳ ಕಂತು ತಿಂಗಳಿಗೆ 32 ಸಾವಿರ ದಾಟುತ್ತದೆ. ಇಡೀ ಸಂಬಳ ಕಟ್ಟಿದರೂ ಸಾಲದು. ಬಡ್ಡಿ ಕಡಿತವಂತೂ ಆದಾಯ ತೆರಿಗೆ ಕಟ್ಟದವರಿಗೆ ನಯಾಪೈಸೆಯ ಉಪಯೋಗಕ್ಕೂ ಬಾರದು. ಬೆಲೆಗೆ ಮಿತಿ ಹಾಕಿದ ಕಾನೂನು, ಕೊಳ್ಳುವವರ ಆದಾಯವನ್ನು ನೋಡಲೇ ಇಲ್ಲ.

ಅಮೆರಿಕ 1986ರಲ್ಲಿ ಬೇರೆ ದಾರಿ ಹಿಡಿಯಿತು. ಅಲ್ಲಿನ ತೆರಿಗೆ ಕ್ರೆಡಿಟ್ ಬಾಡಿಗೆ ಮನೆಗಳಿಗೆ ಮಾತ್ರ. ಬಾಡಿಗೆದಾರರ ಆದಾಯಕ್ಕೂ ಬಾಡಿಗೆಗೂ ಮಿತಿ ಉಂಟು. ಷರತ್ತು ಸಾಮಾನ್ಯವಾಗಿ 30 ವರ್ಷ ಇರುತ್ತದೆ. ಮೊದಲ ವರ್ಷಗಳಲ್ಲಿ ಮಾತು ಮುರಿದವರಿಂದ ಕ್ರೆಡಿಟ್ ವಾಪಸು ಪಡೆಯುತ್ತಾರೆ. ಅವಧಿ ಮುಗಿದ ಬಳಿಕ ಬಾಡಿಗೆ ಏರುವ ಕೊರತೆ ಅಲ್ಲೂ ಇದೆ. ಆದರೂ ಬೊಕ್ಕಸ ಬಿಟ್ಟುಕೊಟ್ಟ ಹಣಕ್ಕೆ ಬದಲಾಗಿ ಏನು ಸಿಕ್ಕಿತೆಂದು ತೋರಿಸಬಹುದು. ನಮ್ಮಲ್ಲೂ 2021ರಲ್ಲಿ ಬಾಡಿಗೆ ಯೋಜನೆಗಳನ್ನು 80-ಐಬಿಎಗೆ ಸೇರಿಸಿದರು. ಮರುವರ್ಷವೇ ಬಾಗಿಲು ಮುಚ್ಚಿದರು.

ಕೆಜಿಎಫ್‌ಗೆ ಬಾಡಿಗೆಯ ಮನೆ ಹೊಸದೇನಲ್ಲ. ಗಣಿ ಕಾರ್ಮಿಕರಿಗೆ ಕೆಲಸದ ಜೊತೆಗೇ ಲೈನ್ ಮನೆ ಸಿಗುತ್ತಿತ್ತು. ಒಂದಕ್ಕೊಂದು ಗೋಡೆ ಹಂಚಿಕೊಂಡ ಸಾಲು, ಒಂದು ಕೋಣೆ, ಒಲೆಯಿಡುವಷ್ಟು ಜಾಗ, ಬೀದಿ ಕೊನೆಗೆ ನಲ್ಲಿ. ಮಕ್ಕಳು ಬೆಳೆದಂತೆ ಮುಂದೆ ತಗಡು ಇಳಿಸಿ ಇನ್ನೊಂದು ಕೋಣೆ ಮಾಡಿಕೊಂಡರು. ಗಣಿ ಮುಚ್ಚಿತು, ಮನೆಯ ಒಡೆತನದ ವಿಚಾರ ವರ್ಷಗಟ್ಟಲೆ ಎಳೆದಾಡಿತು. ಸ್ವಂತ ಹಕ್ಕಿಲ್ಲದ ಮನೆಗೆ ಬ್ಯಾಂಕ್ ಸಾಲ ಕೊಡುವುದಿಲ್ಲ, ಸಾಲವಿಲ್ಲದೆ ಗೋಡೆ ಗಟ್ಟಿಯಾಗುವುದಿಲ್ಲ.

ಆದ್ದರಿಂದ ಮೊದಲ ಕೆಲಸ, ಲೈನ್ ಮನೆಗಳಲ್ಲಿ ಉಳಿದವರ ಹಕ್ಕನ್ನು ಇತ್ಯರ್ಥ ಮಾಡುವುದು. ಎರಡನೆಯದು, ಗಣಿ ಸಂಸ್ಥೆಯ ಜಮೀನು. ಕೈಗಾರಿಕೆಗೆ ಅದು ಬೇಕೆನ್ನುವ ರಾಜ್ಯ ಸರ್ಕಾರ, ಅದೇ ಕಾರ್ಖಾನೆಗೆ ಬರುವ ಕೆಲಸಗಾರರ ವಾಸಕ್ಕೂ ಒಂದು ಪಾಲು ಮೀಸಲಿಡಲಿ. ಅಲ್ಲಿ ಕಟ್ಟುವ ಮೊದಲು ಮಣ್ಣು, ನೀರಿನ ಪರೀಕ್ಷೆ ಆಗಲೇಬೇಕು. ಚಿನ್ನ ತೆಗೆದ ಮೇಲೆ ಉಳಿದ ಸೈನೈಡ್ ದಿಬ್ಬದ ದೂಳನ್ನು ಈ ಊರು ದಶಕಗಳಿಂದ ಉಸಿರಾಡಿದೆ. ಜಮೀನನ್ನು ಮಾರದೆ ದೀರ್ಘಾವಧಿ ಗುತ್ತಿಗೆಗೆ ಕೊಟ್ಟರೆ ಮನೆಯ ಖರ್ಚೂ ಇಳಿಯುತ್ತದೆ, ಬಾಡಿಗೆಯ ಮೇಲೆ ಸರ್ಕಾರದ ಹಿಡಿತವೂ ಉಳಿಯುತ್ತದೆ.

ಮೂರನೆಯದು ತೆರಿಗೆ. 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ನಗರ ಯೋಜನೆಯ ಎರಡನೇ ಹಂತದಲ್ಲಿ ಬಾಡಿಗೆ ಮನೆಗೂ ಸ್ಥಾನವಿದೆ. ರೈಲು ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರ, ತಿಂಗಳಿಗೆ 25 ಸಾವಿರದೊಳಗೆ ದುಡಿಯುವ ಕುಟುಂಬಕ್ಕೆ, 30 ವರ್ಷ ಮಿತ ಬಾಡಿಗೆಗೆ ಮನೆ ಕೊಡುವವರಿಗೆ ಮಾತ್ರ ತೆರಿಗೆ ವಿನಾಯಿತಿಯೂ ಸಿಗಲಿ. ತೆರಿಗೆ ಬಿಡುವುದೆಂದರೆ ಜನರ ಹಣ ಕೊಡುವುದೇ. ಅದನ್ನು ಪಡೆದವರು ಪ್ರತಿ ವರ್ಷ ಬಾಡಿಗೆಯ ಲೆಕ್ಕವನ್ನು ನಗರಸಭೆಯ ಮುಂದಿಡಬೇಕು, ಲೆಕ್ಕ ತಪ್ಪಿದರೆ ಹಣ ಹಿಂದಿರುಗಿಸಬೇಕು.