ರೆಕ್ಕೆ ನಮ್ಮದು, ಇಂಜಿನ್ ಪರರದು

2025ನೆಯ ಇಸವಿ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21 ಯುದ್ಧವಿಮಾನಗಳು ನಮ್ಮ ವಾಯುಪಡೆಯ ಸೇವೆಯಿಂದ ನಿವೃತ್ತವಾದುವು. ಅದರ ಹಿಂದಿನ ದಿನವೇ, 97 ತೇಜಸ್ ವಿಮಾನಗಳನ್ನು ಕಟ್ಟಿಕೊಡುವ ಬಗ್ಗೆ ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯೊಡನೆ ಭಾರತ ಸರ್ಕಾರವು 62,370 ಕೋಟಿ ರೂಪಾಯಿಗೂ ಮಿಕ್ಕ ಮೊತ್ತದ ಕರಾರಿಗೆ ರುಜು ಹಾಕಿತು. 42 ಸ್ಕ್ವಾಡ್ರನ್ನುಗಳಿರಬೇಕೆಂದು ಮಂಜೂರಾತಿಯಿರುವ ಪಡೆಯಲ್ಲಿ ಆಗ ಉಳಿದುವು 29. ಹಳೆಯದು ಹೋಯಿತು, ಹೊಸದು ಬರಲಿದೆ ಎಂದು ಸಂತೋಷಪಡುವುದು ಸಹಜವೇ. ಆದರೆ ಬರಲಿರುವ ವಿಮಾನದಲ್ಲಿ ನಮ್ಮದು ಎಷ್ಟು, ಪರರದು ಎಷ್ಟು ಎಂಬುದನ್ನು ವಾಚಕರು ವಿಚಾರಮಾಡಿ ನೋಡುವುದು ಅವಶ್ಯವಾಗಿದೆ.

ಇಂದಿನ ಯುದ್ಧವಿಮಾನವು ಎರಡು ಕಾರ್ಯಗಳನ್ನು ನಿರ್ವಹಿಸಬೇಕು. ಆಕಾಶದಲ್ಲಿ ಶತ್ರುವಿಮಾನವನ್ನು ಎದುರಿಸಿ ಹೊಡೆಯುವುದು ಒಂದು. ನೆಲದ ಮೇಲಿನ ಗುರಿಗೆ ಬಾಂಬು ಹಾಕಿ ಹಿಂದಿರುಗುವುದು ಇನ್ನೊಂದು. ಮೊದಲನೆಯದಕ್ಕೆ ಹಗುರವಾದ ಚುರುಕು ಒಡಲು ಬೇಕು. ಎರಡನೆಯದಕ್ಕೆ ಭಾರ ಹೊರುವ ಕಸುವು ಬೇಕು. ಪರಸ್ಪರ ವಿರುದ್ಧವಾದ ಈ ಅಪೇಕ್ಷೆಗಳನ್ನು ಒಂದೇ ಯಂತ್ರದಲ್ಲಿ ಕೂಡಿಸುವುದೇ ವಿನ್ಯಾಸಕಾರನ ಕಷ್ಟ. ಆಯುಧದ ಹೊರೆ ಏರಿದರೆ ವೇಗವಾಗಲಿ, ಹೋಗಿಬರುವ ದೂರವಾಗಲಿ ಇಳಿಯಲೇಬೇಕು. ಇವೆಲ್ಲಕ್ಕೂ ಕೊನೆಯ ಎಲ್ಲೆಯನ್ನು ಹಾಕುವುದು ಇಂಜಿನ್.

ತೇಜಸ್ಸಿನ ವಿನ್ಯಾಸಕ್ಕಾಗಿ ನಮ್ಮ ಇಂಜಿನಿಯರುಗಳು ನಿಸ್ಸಂದೇಹವಾಗಿ ಪ್ರಶಂಸಾರ್ಹರು. ಬಾಲದಲ್ಲಿ ಅಡ್ಡರೆಕ್ಕೆಯಿಲ್ಲದ, ತ್ರಿಕೋನಾಕಾರದ ರೆಕ್ಕೆಯ ಈ ವಿಮಾನದ ಕಟ್ಟಡದಲ್ಲಿ ತೂಕದ ಶೇಕಡಾ 45ರಷ್ಟು ಲೋಹವಲ್ಲ, ಇಂಗಾಲದ ನಾರು ಮೊದಲಾದ ಸಂಯುಕ್ತ ವಸ್ತು. ಚುರುಕಾಗಿ ತಿರುಗಲೆಂದು ಅದನ್ನು ಬುದ್ಧಿಪೂರ್ವಕವಾಗಿಯೇ ಅಸ್ಥಿರವಾಗಿ ರಚಿಸಿದ್ದಾರೆ. ಗಣಕಯಂತ್ರವು ಕ್ಷಣಕ್ಷಣಕ್ಕೂ ತಿದ್ದುತ್ತಿರದಿದ್ದರೆ ಅದು ಹಾರಲಾರದು. 1998ರ ಪೋಖರಣ್ ಪರೀಕ್ಷೆಗಳ ಮೇಲೆ ಅಮೆರಿಕವು ನಿರ್ಬಂಧ ಹೇರಿದಾಗ ಈ ನಿಯಂತ್ರಣದ ಕೆಲಸದಲ್ಲಿ ದೊರೆಯುತ್ತಿದ್ದ ಸಹಾಯವು ನಿಂತುಹೋಯಿತು. ಅಲ್ಲಿದ್ದ ನಮ್ಮವರು ಬರಿಗೈಯಲ್ಲಿ ಹಿಂದಿರುಗಬೇಕಾಯಿತು. ಆದರೂ ಕೆಲಸವನ್ನು ಬೆಂಗಳೂರಿನಲ್ಲಿಯೇ ಪೂರೈಸಿದರು. 2001ರ ಜನವರಿ 4ರಂದು ವಿಮಾನವು ಹಾರಿತು.

ಆಯುಧಗಳ ಸ್ಥಿತಿಯೂ ಸುಧಾರಿಸುತ್ತಿದೆ. ಒಡಲಿನಲ್ಲಿರುವ 23 ಮಿಲಿಮೀಟರಿನ ಅವಳಿ ನಳಿಗೆಯ ಫಿರಂಗಿ ರಷ್ಯನ್ ವಿನ್ಯಾಸದ್ದು. ರೆಕ್ಕೆ ಮತ್ತು ಒಡಲುಗಳ ಕೆಳಗಿನ ಎಂಟು ಸ್ಥಾನಗಳಲ್ಲಿ ಕ್ಷಿಪಣಿ, ಬಾಂಬು, ಇಂಧನದ ತೊಟ್ಟಿ, ಗುರಿ ತೋರುವ ಉಪಕರಣ, ಇವನ್ನು ಕೆಲಸಕ್ಕೆ ತಕ್ಕಂತೆ ತೂಗುಹಾಕಬಹುದು. ಕಣ್ಣಿಗೆ ಕಾಣದ ದೂರದ ಶತ್ರುವನ್ನು ಹೊಡೆಯುವ, ನಮ್ಮಲ್ಲಿಯೇ ರಚಿತವಾದ ಅಸ್ತ್ರ ಕ್ಷಿಪಣಿಯನ್ನು 2023ರ ಆಗಸ್ಟ್ 23ರಂದು ಗೋವೆಯ ಕರಾವಳಿಯಾಚೆ ತೇಜಸ್ಸಿನಿಂದ ಯಶಸ್ವಿಯಾಗಿ ಹಾರಿಸಲಾಯಿತು.

ಉಳಿದುದು ಇಂಜಿನ್. ಅದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಎಫ್-404. 2021ರ ಫೆಬ್ರವರಿಯಲ್ಲಿ 83 ಸುಧಾರಿತ ತೇಜಸ್‌ಗಳಿಗೆ ಕರಾರಾಯಿತು. ಅದೇ ವರ್ಷದ ಆಗಸ್ಟಿನಲ್ಲಿ 99 ಇಂಜಿನ್‌ಗಳನ್ನು ಕೇಳಲಾಯಿತು. ಮೊದಲನೆಯ ಇಂಜಿನ್ ಕೈಸೇರಿದುದು 2025ರ ಮಾರ್ಚಿನಲ್ಲಿ! ವಿಳಂಬಕ್ಕೆ ನಮ್ಮವರ ಕಡೆಯ ಕಾರಣಗಳೂ ಇಲ್ಲದಿಲ್ಲ. ಆದರೆ ವಿನ್ಯಾಸ, ಹಣ, ಕಾರ್ಖಾನೆ ಎಲ್ಲವೂ ಇದ್ದು, ಇಂಜಿನ್ ಮಾರುವವನ ದಾರಿ ಕಾಯಬೇಕಾದ ಸ್ಥಿತಿಯನ್ನು ಏನೆನ್ನೋಣ? ದೇವರು ವರ ಕೊಟ್ಟರೂ ಪೂಜಾರಿ ವರ ಕೊಡನೆಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ.

ಈ ಪಾಠವನ್ನು ನಾವು ಹಿಂದೆಯೇ ಒಮ್ಮೆ ಓದಿದ್ದೇವೆ. ಮೈಸೂರು ಸರ್ಕಾರದ ನೆರವಿನಿಂದ ವಾಲ್‌ಚಂದ್ ಹೀರಾಚಂದರು 1940ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ವಿಮಾನ ಕಾರ್ಖಾನೆಗೆ 1956ರಲ್ಲಿ ಜರ್ಮನ್ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಬಂದನು. ಆತನ ಮುಂದಾಳುತನದಲ್ಲಿ ರೂಪುಗೊಂಡ ಎಚ್.ಎಫ್.-24 ಮಾರುತವು 1961ರ ಜೂನ್ 17ರಂದು ಹಾರಿತು. ನಾಲ್ಕು 30 ಮಿಲಿಮೀಟರ್ ಫಿರಂಗಿಗಳು, ರಾಕೆಟ್ಟುಗಳು, ಸಾವಿರ ಪೌಂಡಿನ ನಾಲ್ಕು ಬಾಂಬುಗಳು ಅದರ ಆಯುಧ. ಶಬ್ದದ ಇಮ್ಮಡಿ ವೇಗ ಅದರ ಧ್ಯೇಯ. ಆದರೆ ಅದಕ್ಕೆಂದು ಎಣಿಸಿದ್ದ ಇಂಜಿನನ್ನು ಬ್ರಿಟನ್ ಮುಂದುವರಿಸಲಿಲ್ಲ. ಅದರ ಅಭಿವೃದ್ಧಿಯ ಖರ್ಚನ್ನು ನಾವು ವಹಿಸಿಕೊಳ್ಳಲೂ ಇಲ್ಲ. ಕಡಿಮೆ ಬಲದ ಆರ್ಫಿಯಸ್ ಇಂಜಿನುಗಳನ್ನೇ ಕೂರಿಸಬೇಕಾಯಿತು. ಸಮತಟ್ಟಾದ ಹಾರಾಟದಲ್ಲಿ ಮಾರುತವು ಶಬ್ದದ ವೇಗವನ್ನು ಮುಟ್ಟುವುದೇ ಕಷ್ಟವಾಯಿತು. ಬಲವನ್ನು ಹೆಚ್ಚಿಸುವ ಪ್ರಯೋಗದಲ್ಲಿ ಸುರಂಜನ್ ದಾಸರು 1970ರ ಜನವರಿ 10ರಂದು ಪ್ರಾಣವನ್ನೇ ಕೊಟ್ಟರು; ಬೆಂಗಳೂರಿನ ಒಂದು ರಸ್ತೆಗೆ ಅವರ ಹೆಸರಿದೆ. 1971ರ ಯುದ್ಧದಲ್ಲಿ ಮರುಭೂಮಿಯ ರಂಗದಲ್ಲಿ ಕೀರ್ತಿ ಪಡೆದ ಆ ವಿಮಾನವು 147ಕ್ಕೆ ನಿಂತು, 1990ರ ವೇಳೆಗೆ ಮರೆಯಾಯಿತು. ಒಡಲು ಸೋಲಲಿಲ್ಲ, ಇಂಜಿನ್ ಸಿಕ್ಕಲಿಲ್ಲ.

ಹಾಗಾದರೆ ನಾವೇ ಇಂಜಿನನ್ನು ಮಾಡಲು ಯತ್ನಿಸಲಿಲ್ಲವೇ? ಯತ್ನಿಸಿದೆವು. ಕಾವೇರಿಯೆಂಬ ಹೆಸರಿನ ಇಂಜಿನಿಗೆ 1989ರಲ್ಲಿ ಮಂಜೂರಾತಿ ದೊರೆಯಿತು. ಬೇಕಾದ ಬಲ ಬಾರದೆ 2008ರಲ್ಲಿ ಅದನ್ನು ತೇಜಸ್ಸಿನಿಂದ ಬೇರ್ಪಡಿಸಲಾಯಿತು. ಕಷ್ಟವು ಸಾಮಾನ್ಯವಾದುದಲ್ಲ. ಟರ್ಬೈನಿನ ಅಲಗುಗಳು ತಮ್ಮ ಲೋಹವೇ ಕರಗುವಷ್ಟು ಕಾದ ಅನಿಲದ ನಡುವೆ ಗಿರಗಿರನೆ ತಿರುಗಬೇಕು. ಅದಕ್ಕಾಗಿ ಒಂದೊಂದು ಅಲಗನ್ನೂ ಒಂದೇ ಹರಳಿನಂತೆ ಎರಕಹೊಯ್ದು, ಸೂಕ್ಷ್ಮ ರಂಧ್ರಗಳ ಮೂಲಕ ಗಾಳಿ ಹಾಯಿಸಿ ತಂಪುಮಾಡಬೇಕು. ಈ ವಿದ್ಯೆಯನ್ನು ಬಲ್ಲ ದೇಶಗಳು ಬೆರಳೆಣಿಕೆಯಷ್ಟು. ಬಲ್ಲವರು ಅನ್ಯರಿಗೆ ಕಲಿಸುವುದಿಲ್ಲ. ಇಷ್ಟು ಕಷ್ಟದ ಕೆಲಸಕ್ಕೆ ಕೈಹಾಕಿದ ನಾವು, ಇಂಜಿನನ್ನು ಹಾರಿಸಿ ಪರೀಕ್ಷಿಸುವ ವಿಮಾನವನ್ನೂ ಇಟ್ಟುಕೊಳ್ಳದೆ, ಕಾವೇರಿಯನ್ನು ರಷ್ಯಕ್ಕೆ ಹೊತ್ತೊಯ್ಯಬೇಕಾಯಿತು.

ಸ್ವೀಡನ್ ದೇಶವೂ ತನ್ನ ಗ್ರಿಪೆನ್ ವಿಮಾನಕ್ಕೆ ಅಮೆರಿಕನ್ ಮೂಲದ ಇಂಜಿನನ್ನೇ ಬಳಸುತ್ತದೆಯಲ್ಲಾ ಎಂದು ಕೆಲವರು ಕೇಳುವರು. ನಿಜ. ಆದರೆ ಸ್ವೀಡನ್ನಿನ ನೆರೆಹೊರೆ ಬೇರೆ, ನಮ್ಮದು ಬೇರೆ. ಎರಡು ಗಡಿಗಳಲ್ಲಿ ಎಚ್ಚರವಾಗಿರಬೇಕಾದ ದೇಶವು 1998ನ್ನು ಮರೆಯುವಂತಿಲ್ಲ.

ಮುಂದಿನ ಪೀಳಿಗೆಯ ವಿಮಾನಕ್ಕಾಗಿ ಫ್ರಾನ್ಸಿನ ಸಾಫ್ರಾನ್ ಸಂಸ್ಥೆಯೊಡಗೂಡಿ ಇಂಜಿನನ್ನು ಭಾರತದಲ್ಲಿಯೇ ನಿರ್ಮಿಸುವುದಾಗಿ ರಕ್ಷಣಾ ಸಚಿವರು 2025ರ ಆಗಸ್ಟಿನಲ್ಲಿ ಪ್ರಕಟಿಸಿದರು. ಇದನ್ನು ನಾವು ಸ್ವಾಗತಿಸುತ್ತೇವೆ. ಆದರೆ ಕರಾರಿನ ಯೋಗ್ಯತೆಯನ್ನು ಅಳೆಯಬೇಕಾದುದು ಇಷ್ಟರಿಂದಲೇ: ಆ ಅಲಗನ್ನು ಎರಕಹೊಯ್ಯುವ ವಿದ್ಯೆ ನಮ್ಮ ಕೈಗೆ ಬರುವುದೋ, ಅಥವಾ ಬಿಡಿಭಾಗಗಳನ್ನು ಜೋಡಿಸುವ ಕೂಲಿಯಷ್ಟೇ ನಮ್ಮ ಪಾಲಿಗೋ? ಪರೀಕ್ಷಾ ಸೌಕರ್ಯಗಳನ್ನು ಮೊದಲು ಕಟ್ಟಿ, ಮಧ್ಯದಲ್ಲಿ ಕೈಬಿಡದೆ ಹಣ ಒದಗಿಸಿ, ವರ್ಷವರ್ಷದ ಪ್ರಗತಿಯನ್ನು ಪಾರ್ಲಿಮೆಂಟಿನ ಮುಂದಿಡುವುದು ಸರ್ಕಾರದ ಕರ್ತವ್ಯ. ಕೈ ಕೆಸರಾಗದೆ ಬಾಯಿ ಮೊಸರಾಗದು. ಮಾರುತಕ್ಕೆ ಒದಗಿದ ಗತಿ ತೇಜಸ್ಸಿನ ಮುಂದಿನ ಸಂತತಿಗೂ ಒದಗಿದರೆ, ಆ ತಪ್ಪು ಮಾರದವನದಲ್ಲ, ಕಲಿಯದ ನಮ್ಮದು.